ಕಾರಲು ಅಂಜಿದ ಕಾರಂಜಿ

ಮೀಸೆ ಬೋಳಿಸುತ್ತೇನೆ ಎಂದು ಪಂಥ ಕಟ್ಟುವ ಭಾಗ್ಯ ಹೆಂಗಸರಿಗಿಲ್ಲ. ಇದ್ದಿದ್ದರೆ ಕೊಪ್ಪದ ಕಾರಂಜಿಯ ವಿಷಯದಲ್ಲಿ ನಾನು ಖಂಡಿತ ಕಟ್ಟುತ್ತಿದ್ದೆ. ಗೆದ್ದ ಮೇಲೆ ಮೀಸೆ ತಿರುವಿಕೊಂಡು ಪೇಟೆಯಲ್ಲೆಲ್ಲ ಓಡಾಡುತ್ತಿದ್ದೆ.

ನಮ್ಮ ಪೇಟೆಯ ಚೌಕದಲ್ಲಿ ಕಲ್ಲಿನದೊಂದು ಹಳೆಯ ಕಾರಂಜಿಯಿದೆ. ಯಾರೋ ಮಹಾರಾಜರು ಬಂದಾಗ ಕಟ್ಟಿಸಿದ್ದು ಎನ್ನುವವರಿದ್ದಾರೆ, ಕಾಫಿ ತೋಟದ ದೊರೆ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ನಮ್ಮತ್ತೆಯ ಪ್ರಕಾರ ಅದು ಅಡಿಕೆ ಗಾಡಿಯ ಎತ್ತುಗಳಿಗೆ ನೀರು ಕುಡಿಸುವ ತೊಟ್ಟಿ, ನಡುವಿನ ಕಂಬ ಆಮೇಲಿನ ಶೋಕಿ. ಇತಿಹಾಸದಲ್ಲಿ ಇಷ್ಟು ಜಗಳವಿದ್ದರೂ ಒಂದು ವಿಷಯದಲ್ಲಿ ಊರೇ ಒಮ್ಮತ: ಅದು ಚಿಮ್ಮಿದ್ದನ್ನು ಕಂಡವರಿಲ್ಲ. ಕರೆಂಟಿದ್ದರೆ ನೀರಿಲ್ಲ, ನೀರಿದ್ದರೆ ಕರೆಂಟಿಲ್ಲ, ಎರಡೂ ಇದ್ದ ದಿನ ಮಳೆ. ಕನ್ನಡ ಪಾಠ ಮಾಡಿ ನಿವೃತ್ತಳಾದ ನಾನು ಪದದ ಮೂಲವನ್ನೂ ಕಂಡುಹಿಡಿದಿದ್ದೆ: ಕಾರಲು ಅಂಜುವುದೇ ಕಾರಂಜಿ. ಪಂಡಿತರು ಬೈಯಲಿ ಬಿಡಿ, ಊರವರು ಒಪ್ಪಿದ್ದರು.

ಹೀಗೆ ತಮಾಷೆ ಮಾಡಿಕೊಂಡಿದ್ದಾಗಲೇ ಅದನ್ನು ಒಡೆದು ಕಾರು ನಿಲ್ಲಿಸಲು ಜಾಗ ಮಾಡುವ ಮಾತು ಬಂತು. ಎದುರಿನ ಛತ್ರಿ ಅಂಗಡಿಯ ಹಸನಬ್ಬನವರ ಮುಖ ಸಣ್ಣಗಾಯಿತು. ಅವರ ಅಂಗಡಿಗೆ ‘ಕಾರಂಜಿ ಸ್ಟೋರ್ಸ್’ ಎಂದು ಹೆಸರಿಟ್ಟವರು ಅವರಪ್ಪ. ಬಾಳಗಡಿ, ಭಂಡಿಗಡಿ ಕಡೆಯವರೆಲ್ಲ ಆ ಗುರುತು ಹಿಡಿದೇ ಬರುವುದು.

“ಕಾರಂಜಿ ಹೋದ್ರೆ ನನ್ನ ಬೋರ್ಡು ಸುಳ್ಳಾಗ್ತದೆ ಟೀಚರೇ. ಅಪ್ಪನ್ನೇ ಸುಳ್ಳು ಮಾಡಿದ ಹಾಗಲ್ವಾ?” ಎಂದರು.

ಊರವರ ಸಭೆಯಲ್ಲಿ ಕೊನೆಗೊಂದು ಅವಕಾಶ ಸಿಕ್ಕಿತು. ದೀಪಾವಳಿಯೊಳಗೆ ನೀರು ಬಂದರೆ ಕಾರಂಜಿ, ಬಾರದಿದ್ದರೆ ಕಾರು. ಎಂಜಿನಿಯರು ಹುಡುಗ ಬಣ್ಣದ ದೀಪ, ಸಂಗೀತ, ಭಾರಿ ಪಂಪು, ಎರಡು ಡಾಲ್ಫಿನ್ ಇರುವ ನಕ್ಷೆ ತಂದ. ಡಾಲ್ಫಿನ್ ಯಾವ ಬಸ್ಸಿಗೆ ಬಂದು ಇಳಿಯಿತೋ ನನಗೆ ತಿಳಿಯದು. ಆದರೆ ಆ ಪಂಪು ನೋಡಿದಾಗ ಶೃಂಗೇರಿ ಕಡೆಯ ನನ್ನ ತವರಿನ ಬಚ್ಚಲು ನೆನಪಾಯಿತು. ಅಲ್ಲಿಗೆ ಗುಡ್ಡದ ಒರತೆಯಿಂದ ಅಬ್ಬಿ ನೀರು ಅಡಿಕೆ ಮರ ಸೀಳಿ ತೋಡಿದ ದಂಬೆಯಲ್ಲಿ ತಾನಾಗಿ ಇಳಿದು ಬರುತ್ತಿತ್ತು, ಹಗಲೂ ರಾತ್ರಿ. ಅದಕ್ಕೆ ನಲ್ಲಿಯಿಲ್ಲ, ಸ್ವಿಚ್ಚಿಲ್ಲ. ನೀರಿಗೆ ಬರುವ ವಿದ್ಯೆಯೇ ಬೀಳುವುದು. ನಾವು ಅದನ್ನು ಹಾರು ಹಾರು ಎಂದು ಪೀಡಿಸುತ್ತಿದ್ದೆವು.

ನಾನು ಎದ್ದು ನಿಂತು, “ಹಾರೋದು ಬೇಡ ಮಾರಾಯ, ಬೀಳ್ಲಿ” ಎಂದೆ.

ಸಭೆ ನಕ್ಕಿತು. ಹುಡುಗ ಮಾತ್ರ ನಗದೆ ಚೌಕದ ಹಿಂದಿನ ಗುಡ್ಡ ಹತ್ತಿ, ಅಲ್ಲಿನ ಒರತೆ ಕಂಬಕ್ಕಿಂತ ಎಷ್ಟೋ ಮೇಲಿದೆ ಎಂದು ಕುಣಿಯುತ್ತ ಬಂದ. ಪೈಪು ನೆಲದಡಿ ಇಳಿಯಿತು. ಕಂಬದ ನೆತ್ತಿಗೆ ಕಲ್ಲಿನ ದಂಬೆಗಳು ಕೂತವು. ಡಾಲ್ಫಿನ್ ಸಮುದ್ರಕ್ಕೆ ಮರಳಿತು.

ಉದ್ಘಾಟನೆಯ ದಿನ ಗುಡ್ಡದ ಮೇಲೆ ಒರತೆಯ ಬಳಿ ಕಾದಿದ್ದವನಿಗೆ ಫೋನು ಹೋಯಿತು. ಅವನು ಪೈಪಿನ ಬಾಯಿಯ ಬಿರಡೆ ಕಿತ್ತೆಸೆದ. ಕಂಬ ಕೆಮ್ಮಿತು, ಸೀನಿತು, ಒಂದು ಕೊಳೆತ ಎಲೆ ಉಗುಳಿತು. ಹಸನಬ್ಬ ಒಮ್ಮೆ ಕಂಬ, ಒಮ್ಮೆ ತಮ್ಮ ಬೋರ್ಡು ನೋಡುತ್ತ ನಿಂತಿದ್ದರು. ಆಮೇಲೆ ನೋಡಿ, ಧೋ ಎಂದು ನೀರು! ನಾನು ವಯಸ್ಸು, ಮೇಷ್ಟ್ರಿಕೆ ಎರಡನ್ನೂ ಮರೆತು ಸಿಳ್ಳೆ ಹಾಕಿಬಿಟ್ಟೆ.

ಅತಿಥಿಗಳು ಭಾಷಣಕ್ಕೆ ನಿಂತರು, ಕರೆಂಟು ಹೋಯಿತು. ಮೈಕು ಸತ್ತರೂ ನೀರು ಮಾತಾಡುತ್ತಲೇ ಇತ್ತು. ಅವರು ಗಂಟಲು ಹರಿದುಕೊಂಡರು, ಒಂದಕ್ಷರ ಕೇಳಲಿಲ್ಲ. ಕೊನೆಗೆ ಐದು ನಿಮಿಷ ಇದನ್ನು ಬಂದ್ ಮಾಡಿ ಎಂದು ಕೈಸನ್ನೆ ಮಾಡಿದರು.

ಹಸನಬ್ಬ ಎದೆಯುಬ್ಬಿಸಿ ಮುಂದೆ ಬಂದರು. “ಬಂದ್ ಮಾಡ್ಲಿಕ್ಕೆ ಬರೂದಿಲ್ಲ ಸಾರ್. ಇದು ಕಾರಂಜಿ.”

ಅತಿಥಿಗಳು ಭಾಷಣವನ್ನು ಮಡಚಿ ಜೇಬಿಗಿಟ್ಟು, ಎಲ್ಲರ ಹಾಗೆ ಬೊಗಸೆ ಒಡ್ಡಿದರು.