ಮೂಕಮ್ಮನ ನಾಯಿಗೆ ಹಾಲೇಶಪ್ಪನ ನಂಬರು

ಜಗಳೂರಿನ ಹಾಲೇಶಪ್ಪ ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು. ಹಳ್ಳಿಗಳಲ್ಲಿ ಎಲ್ಲರೂ ಅವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು, ಅವನೂ ತಿದ್ದುತ್ತಿರಲಿಲ್ಲ. ನಿವೃತ್ತನಾದ ಮೇಲೆ ಒಂದು ಪ್ರಾಣಿದಯಾ ಸಂಘದವರು ಅವನಿಗೆ ನಾಯಿಗಳಿಗೆ ಚಿಪ್ ಹಾಕುವ ಕೆಲಸ ಕೊಟ್ಟರು. ಅಕ್ಕಿಕಾಳಿನಷ್ಟಿರುವ ಚಿಪ್ಪನ್ನು ಸೂಜಿಯಿಂದ ನಾಯಿಯ ಹೆಗಲ ಚರ್ಮದಡಿ ಇಳಿಸಬೇಕು. ಆಮೇಲೆ ಅದರ ಸಂಖ್ಯೆಯ ಎದುರಿಗೆ ಮಾಲೀಕರ ಹೆಸರು, ಊರು, ಫೋನ್ ನಂಬರ್ ತುಂಬಬೇಕು. ನಾಯಿ ಕಳೆದುಹೋಗಿ ಎಲ್ಲಾದರೂ ಸಿಕ್ಕರೆ, ಚಿಪ್ ಓದುವ ಯಂತ್ರ ಹಿಡಿದವರಿಗೆ ಅದೆಲ್ಲ ಕಾಣುತ್ತದೆ.

ಎರಡು ವರ್ಷದ ಹಿಂದೆ ಸೊಕ್ಕೆ ಹಳ್ಳಿಯಲ್ಲಿ ಚಿಪ್ ಹಾಕುವ ಕ್ಯಾಂಪು ನಡೆಯಿತು. ಊಟದ ಹೊತ್ತು ಮೀರಿತ್ತು. ಕೂಲಿಗೆ ಹೋಗುವ ಮೂಕಮ್ಮ ಹಳೆ ಸೀರೆಯ ತುಂಡು ಕಟ್ಟಿ ತನ್ನ ಜಿಮ್ಮಿಯನ್ನು ಎಳೆದು ತಂದಳು. ಚಿಪ್ ಹಾಕಿದ್ದಾಯಿತು. ಹಾಲೇಶಪ್ಪ ನಂಬರ್ ಕೇಳಿದ.

"ನಂಗೆ ಬಾಯಾಗೆ ಬರಲ್ಲ ಡಾಕ್ಟ್ರೇ. ಮೊಮ್ಮಗಳು ರಕ್ಷಾಗೆ ಗೊತ್ತೈತೆ, ಸ್ಕೂಲಾಗೆ ಅವ್ಳೆ. ಕರ್ಕಂಡು ಬರ್ತೀನಿ, ಒಂದೀಟು ನಿಲ್ರಿ."

"ಬ್ಯಾಡ ಹೋಗು, ನಂಬರ್ ಆಮೇಲೆ ತಿಳ್ಕಂಡು ನಾನೇ ಹಾಕ್ಕಂತೀನಿ. ಕಳ್ದು ಹೋದ್ರೆ ನಿನ್ನ ಫೋನಿಗೇ ಕಾಲ್ ಬರ್ತೈತೆ" ಎಂದ ಹಾಲೇಶಪ್ಪ, ಅವಳು ಬೆನ್ನು ತಿರುಗಿಸುತ್ತಲೇ ತನ್ನದೇ ನಂಬರ್ ಒತ್ತಿಬಿಟ್ಟ. ಆಮೇಲೆ ತಿದ್ದಿದರಾಯಿತು ಅಂದುಕೊಂಡ. ತಿದ್ದಲಿಲ್ಲ.

ಈ ವರ್ಷ, ಹೊಳೆಸಾಲಿನ ಕಡೆ ಹೊರಟ ಕುರಿಹಿಂಡಿನ ಬೆನ್ನು ಹತ್ತಿ ಜಿಮ್ಮಿ ಹೋಯಿತು. ಎಂಟು ದಿನ ಹುಡುಕಿದ ಮೂಕಮ್ಮ ಜಗಳೂರಿಗೇ ಬಂದು ಹಾಲೇಶಪ್ಪನ ಮನೆ ಮುಂದೆ ನಿಂತಳು. "ಕಾಲ್ ಬಂದರೆ ಬರ್ತೈತೆ, ಹೋಗಮ್ಮ" ಎಂದು ಕಳಿಸಿದ. ನಂಬರಿನ ಸಂಗತಿ ಅವನಿಗೆ ನೆನಪೇ ಇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನ ಫೋನು ಹೊಡೆದುಕೊಂಡಿತು. ಹೊಳೆಸಾಲಿನ ಸಾಸ್ವೆಹಳ್ಳಿಯಲ್ಲಿ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುತ್ತಿದ್ದ ಡಾಕ್ಟರ್ ಮೇಘಶ್ರೀ ಮಾತಾಡಿದಳು. "ನಿಮ್ಮ ನಾಯಿ ಇಲ್ಲೈತೆ ಸರ್."

"ನಮ್ಮನೇಲಿ ನಾಯೀನೇ ಇಲ್ಲಮ್ಮ."

"ಮೂಕಮ್ಮ, ಸೊಕ್ಕೆ ಅಂತ ತೋರಿಸ್ತೈತಲ್ರೀ. ನಂಬರ್ ನಿಮ್ದೇ."

ಹಾಲೇಶಪ್ಪನಿಗೆ ಆಗ ನೆನಪಾಯಿತು. "ರಾಂಗ್ ನಂಬರ್" ಎಂದು ಫೋನಿಟ್ಟ. ಹೆಂಡತಿ ಅನ್ನಪೂರ್ಣಮ್ಮ ಯಾರೆಂದು ಕೇಳಿದರೆ ಅವಳಿಗೂ ಯಾರೋ ಎಂದ. ಅಂದು ಊಟಕ್ಕೆ ಕೂತಾಗ ಇನ್ನೊಂದು ಸಂಗತಿಯೂ ನೆನಪಿಗೆ ಬಂತು. ಆ ಕ್ಯಾಂಪಿನ ದಿನ ಬೆಳಿಗ್ಗೆ ಅಡಿಕೆ ವ್ಯಾಪಾರಿಯೊಬ್ಬರ ಮನೆಯ ಅಲ್ಸೇಷಿಯನ್ನಿಗೂ ಚಿಪ್ ಹಾಕಿದ್ದ. ಯಜಮಾನರು ಪೂಜೆಯಲ್ಲಿದ್ದರೆಂದು, ಅವರ ನಂಬರಿಗಾಗಿ ಅರ್ಧ ಗಂಟೆ ಜಗುಲಿಯ ಮೇಲೆ ಕಾದಿದ್ದ. ಮೂಕಮ್ಮನಿಗಾಗಿ ಐದು ನಿಮಿಷ ನಿಲ್ಲಲಾಗಿರಲಿಲ್ಲ. ಹಸಿವಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಮನಸ್ಸು ಒಪ್ಪಲಿಲ್ಲ.

ಮರುದಿನ ತಾನೇ ಫೋನ್ ಮಾಡಿ, ಆದದ್ದನ್ನು ಹೇಳಿದ. ಮೇಘಶ್ರೀ, "ಸಂಜೆ ತಂಕ ನೋಡಿ ಬೇರೆಯವರಿಗೆ ಕೊಡಬೇಕು ಅಂತಿದ್ವಿ, ಬೇಗ ಬರ್ರಿ" ಎಂದಳು. ಹಾಲೇಶಪ್ಪ ಬಾಡಿಗೆ ಆಟೋ ಮಾಡಿಕೊಂಡು ಹೋಗಿ ನಾಯಿಯನ್ನು ತಂದ. ಸೊಕ್ಕೆಯ ಓಣಿಯಲ್ಲಿ ಇಳಿಸಿದ್ದೇ ತಡ, ಜಿಮ್ಮಿ ಬಾಣದ ಹಾಗೆ ಮನೆಯೊಳಕ್ಕೆ ನುಗ್ಗಿತು.

ಮೂಕಮ್ಮ ನಾಯಿಯ ಮೈ ಸವರುತ್ತ ಅತ್ತಳು. "ಕಾಲ್ ಬಂತಾ ಡಾಕ್ಟ್ರೇ? ನಮ್ ಫೋನು ಹೊಡ್ಕಳ್ಳೇ ಇಲ್ಲ!"

ರಕ್ಷಾ ನಡುವೆ ಬಾಯಿ ಹಾಕಿದಳು: "ನಮ್ಮಜ್ಜಿ ಎರಡು ತಿಂಗಳಿಂದ ಫೋನು ಸೊಂಟದಾಗೇ ಇಟ್ಕಂಡು ಕೂಲಿಗೆ ಹೋಗ್ತಾಳೆ ಸರ್. ಸ್ನಾನಕ್ಕೆ ಹೋದ್ರೂ ನನ್ನ ಕೈಗೆ ಕೊಟ್ಟು ಹೋಗ್ತಾಳೆ."

ಹಾಲೇಶಪ್ಪನ ತಲೆ ತಗ್ಗಿತು. "ನಿಮ್ಮ ನಂಬರ್ ನಾನು ಹಾಕೇ ಇರಲಿಲ್ಲ ಮೂಕಮ್ಮ. ನಂದು ಹಾಕಿದ್ದೆ. ನಿನ್ನೆ ಕಾಲ್ ಬಂದಾಗ ನಂದಲ್ಲ ಅಂತ ಇಟ್ಬಿಟ್ಟೆ."

ಮೂಕಮ್ಮ ಅವನನ್ನೇ ನೋಡಿದಳು. "ಅವತ್ತು ಸ್ಕೂಲಿಗೆ ಓಡಿ ಹೋಗಿ ಓಡಿ ಬರ್ತಿದ್ನಲ್ರೀ," ಎಂದಳು ಮೆಲ್ಲಗೆ. ಒಳಗೆ ಹೋಗಿ ಚಹಾ ಕಾಸಿ ತಂದು, ಕುಡಿಯುತ್ತಾನೋ ಇಲ್ಲವೋ ಎಂದು ಅನುಮಾನಿಸುತ್ತ ಲೋಟ ಹಿಡಿದು ನಿಂತಳು. ಆ ಅನುಮಾನ ಕಂಡು ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಎರಡೂ ಕೈಯಲ್ಲಿ ಇಸಿದುಕೊಂಡು ಅಲ್ಲೇ ಕೂತು ಕುಡಿದ. ರಕ್ಷಾ ಹೇಳಿದ ನಂಬರನ್ನು ಒಂದೊಂದೇ ಅಂಕಿಯಾಗಿ ತುಂಬಿದ.

ಅವಳದೊಂದೇ ಅಲ್ಲ, ಹಾಗೆ ತನ್ನ ನಂಬರ್ ಒತ್ತಿದ ಇನ್ನೂ ಹತ್ತು ನಾಯಿಗಳಿದ್ದವು. ಸಂಘದವರಿಗೆ ಹೇಳಿ ಬೈಸಿಕೊಂಡು, ಆ ವಾರವೆಲ್ಲ ಬಾಗಿಲು ಬಾಗಿಲಿಗೆ ತಿರುಗಿದ. ಯಾರಾದರೂ ಡಾಕ್ಟ್ರೇ ಎಂದರೆ, "ಅಟೆಂಡರ್ ಆಗಿದ್ದೆ ಕಣ್ರೀ" ಎನ್ನುತ್ತಿದ್ದ.