ಒಂದು ಹೆಸರು ಬರೆಯಲು ಹಿಡಿದ ಮೂರು ದಿನ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ನಾನು ಊರಿನ ಮೇಲೆ ಹರಿಹಾಯುವವನಿದ್ದೇನೆ. ಹರಿಹಾಯುವವನ ಕೈ ಎಷ್ಟು ಕೊಳೆಯಾಗಿದೆ ಎಂಬುದು ನಿಮಗೆ ಗೊತ್ತಿರಲಿ. ಆ ಕೈಯಲ್ಲೊಂದು ಮೈಕಿದೆ. ಹಿಡಿಗೆ ಕರಿ ಟೇಪು ಸುತ್ತಿದ, ಬಾಯಿಯ ಹತ್ತಿರ ತಂದರೆ ತುಕ್ಕಿನದೂ ಹಳೆಯ ಎಲೆಯಡಿಕೆಯದೂ ವಾಸನೆ ಬೆರೆತು ಬರುವ ಆ ಮೈಕನ್ನು ಆಟೋದ ಬ್ಯಾಟರಿಗೆ ಸಿಕ್ಕಿಸಿಕೊಂಡು, ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ, ಸೀರೆ ಅಂಗಡಿಯ ರಿಯಾಯಿತಿಯನ್ನೂ ಕಳೆದುಹೋದ ಎಮ್ಮೆಯನ್ನೂ ಕಣ್ಣು ತಪಾಸಣೆಯ ಶಿಬಿರವನ್ನೂ ಒಂದೇ ಉತ್ಸಾಹದಲ್ಲಿ ಸಾರುತ್ತ ತಿರುಗುವುದು ನನ್ನ ಹೊಟ್ಟೆಪಾಡು. ದನಿ ಬದಲಿಸುವುದು ನನ್ನ ಚಟ. ಬಸ್ ಕಂಡಕ್ಟರನ ದನಿ, ದನದ ಡಾಕ್ಟರ ದನಿ, ಹೆಂಡತಿಯ ಮುಂದೆ ಒಂದು, ಊರ ಮುಂದೆ ಒಂದು ಎಂದು ಎರಡು ದನಿ ಇಟ್ಟುಕೊಂಡಿರುವ ನಮ್ಮ ಕಾಕಾನ ಆ ಎರಡೂ ದನಿ ನನಗೆ ಬರುತ್ತವೆ. ನಮ್ಮಪ್ಪನ ಹಾಗೆ ಕೆಮ್ಮಿದರೆ ನಮ್ಮ ಮನೆಯ ನಾಯಿ ಎದ್ದು ಜಾಗ ಬಿಡುತ್ತದೆ. ಕನ್ನಡಿಯ ಮುಂದೆ ನಿಂತು ನನ್ನ ನಕಲನ್ನೇ ಮಾಡಲು ಒಮ್ಮೆ ಯತ್ನಿಸಿದ್ದೆ. ಏನೂ ಬರಲಿಲ್ಲ, ಮೂಗು ಮಾತ್ರ ಸ್ವಲ್ಪ ದೊಡ್ಡದಾಗಿ ಕಂಡಿತು.

ಜೂನ್ ತಿಂಗಳು ಬಂತೆಂದರೆ ಸರಕಾರಿ ಶಾಲೆಗಳಿಗೆ ಮಕ್ಕಳನ್ನು ಹುಡುಕುವ ಕಾಲ. ನಮ್ಮೂರಿನದು ಸಿಂದಗಿ ರಸ್ತೆಯ ಮಗ್ಗುಲಲ್ಲಿರುವ ಶಾಲೆ. ಗೋಡೆಯ ಮೇಲೆ ನಕಾಶೆ ಇದೆ, ಅಂಗಳದಲ್ಲಿ ಬೇವಿನ ಮರ ಇದೆ, ಕೋಣೆಗಳಿವೆ, ಬಾಕುಗಳಿವೆ, ಅವುಗಳ ಮೇಲೆ ಕೂಡುವ ಮಕ್ಕಳು ಮಾತ್ರ ಮುಂಜಾನೆ ಎಂಟಕ್ಕೆ ಕೊರಳಿಗೆ ಟೈ ಕಟ್ಟಿಸಿಕೊಂಡು ಹಳದಿ ವ್ಯಾನಿನಲ್ಲಿ ಸಿಂದಗಿಯ ಇಂಗ್ಲಿಷ್ ಶಾಲೆಗೆ ಹೊರಟುಹೋಗುತ್ತಾರೆ. ಆದ್ದರಿಂದ ಪ್ರತಿ ವರ್ಷ ಹೆಡ್ ಮಾಸ್ತರರು ಜಾಥಾ ತೆಗೆಯುತ್ತಾರೆ. ಮುಂದೆ ನನ್ನ ಆಟೋ, ಹಿಂದೆ ಘೋಷಣೆ ಬರೆದ ಹಲಗೆ ಹಿಡಿದ ಹುಡುಗರು, ಅವರ ಹಿಂದೆ ಬಿಸಿಲಿಗೆ ಕರವಸ್ತ್ರ ಹೊದ್ದ ಹೆಡ್ ಮಾಸ್ತರರು. ಅವರು ಬಲು ಮೃದು ಮನುಷ್ಯ. ಜಗಳವಾಗುತ್ತದೆ ಎನಿಸಿದರೆ ತಮ್ಮ ಅಭಿಪ್ರಾಯವನ್ನು ಮಡಚಿ ಕಿಸೆಯಲ್ಲಿಟ್ಟುಕೊಳ್ಳುವಂಥವರು. "ತಮ್ಮಾ, ಒಂದು ಮನಿ ಬಿಡಬ್ಯಾಡ, ಎಲ್ಲಾರಿಗೂ ಮುಟ್ಟಬೇಕು ನೋಡು," ಅಂದಿದ್ದರು. ನಾನು ಮುಟ್ಟಿಸಿದೆ. ಮುಟ್ಟಬಾರದೆಂದು ಊರು ಒಳಗೊಳಗೇ ತೀರ್ಮಾನಿಸಿದ್ದ ಜಾಗಕ್ಕೂ ಮುಟ್ಟಿಸಿದೆ.

ಊರ ಹೊರಗೆ ದ್ರಾಕ್ಷಿಯ ತೋಟಗಳಿವೆ, ನಮ್ಮ ಮಾತಿನಲ್ಲಿ ಪಡಗಳು. ಅವುಗಳ ಬದಿಗೆ ತಗಡಿನ ಶೆಡ್ಡುಗಳು, ಶೆಡ್ಡುಗಳಲ್ಲಿ ಬಿಹಾರದ ಕಡೆಯ ಕುಟುಂಬಗಳು. ಚಾಟ್ನಿ ಮಾಡುವವರು, ಎಂದರೆ ಬಳ್ಳಿಯ ಕಡ್ಡಿ ಸವರುವವರು, ಔಷಧ ಹೊಡೆಯುವವರು, ಗೊನೆ ಕತ್ತರಿಸುವವರು ಎಲ್ಲ ಅವರೇ. ನಾಲ್ಕೈದು ವರ್ಷದಿಂದ ಇಲ್ಲಿಯೇ ಇದ್ದಾರೆ, ಆದರೂ ಊರಿಗೆ ಅವರು 'ಹಿಂದಿ ಮಂದಿ'. ಆ ಶೆಡ್ಡುಗಳ ಮುಂದೆ ಆಟೋ ಬಂದಾಗ ನನ್ನ ನಾಲಿಗೆ ತುರಿಸಿತು. ಮೈಕು ಬಾಯಿಗಿಟ್ಟು ಅವರದೇ ರಾಗ ಎಳೆದೆ: "ಆವೋ ಭಾಯ್ ಆವೋ, ಕಿತಾಬ್ ಫ್ರೀ, ಜೂತಾ ಫ್ರೀ, ಅಂಡಾ ಫ್ರೀ, ಕಲ್ ಸುಬಹ್ ಆವೋ, ಹೆಡ್ ಮಾಸ್ತರ್ ಖುದ್ ಹಾರ್ ಪೆಹನಾಯೇಂಗೇ." ಪುಸ್ತಕ, ಬೂಟು, ತತ್ತಿ ಎಲ್ಲ ಪುಕ್ಕಟೆ, ನಾಳೆ ಮುಂಜಾನೆ ಬಂದರೆ ಹೆಡ್ ಮಾಸ್ತರರೇ ಮಾಲೆ ಹಾಕುತ್ತಾರೆ. ಹಿಂದಿದ್ದ ಹುಡುಗರು ಹಲಗೆಗಳ ಮರೆಯಲ್ಲಿ ಬಿದ್ದು ಬಿದ್ದು ನಕ್ಕರು. ನನಗೆ ಬೇಕಾದದ್ದು ಅಷ್ಟೇ. ಶೆಡ್ಡಿನ ಬಾಗಿಲುಗಳಲ್ಲಿ ನಿಂತವರು ನಗಲಿಲ್ಲ. ಹೆಚ್ಚಿನವರು ಒಳಗೆ ಹೋದರು. ಒಬ್ಬಳು ಮಾತ್ರ ನಂಬಿದಳು.

ಮರುದಿನ ಆಕೆ ಬಂದಳು. ನಾನು ಮರೆತು ಬಿಟ್ಟುಹೋಗಿದ್ದ ವಾಯರು ಒಯ್ಯಲು ಶಾಲೆಗೆ ಬಂದಿದ್ದೆ, ಹಾಗಾಗಿ ಕಣ್ಣಾರೆ ಕಂಡೆ. ತಲೆಯ ಮೇಲೆ ಸೆರಗು ಎಳೆದುಕೊಂಡ ತಾಯಿ, ಆಕೆಯ ಕೈಯಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದ ಎಂಟೊಂಬತ್ತು ವರ್ಷದ ಮಗಳು. ಪೂನಮ್ ಅವಳ ಹೆಸರು. ತಾಯಿ ಮಾಲೆಯ ಮಾತೆತ್ತಲಿಲ್ಲ. ಕೈಜೋಡಿಸಿ ಒಂದೇ ಮಾತು ಅಂದಳು: "ಮಾಸ್ಟರ್ಜೀ, ನಾಮ್ ಲಿಖ್ ಲೀಜಿಏ." ಹೆಸರು ಬರೆದುಕೊಳ್ಳಿ.

ಹೆಡ್ ಮಾಸ್ತರರು ಹಳೆಯ ಶಾಲೆಯ ದಾಖಲೆ ಕೇಳಿದರು. ಹಳೆಯ ಶಾಲೆಯೇ ಇರಲಿಲ್ಲ. ಆಧಾರ್ ಕೇಳಿದರು, ಇತ್ತು, ಆದರೆ ಅದರೊಳಗಿನ ಊರು ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಸಿದ್ರಾಮಪ್ಪ ಬಂದ. ಬಿಳಿ ಅಂಗಿ, ಬುಲೆಟ್ ಬೈಕು, ಯಾರ ಮಾತು ಎಲ್ಲಿ ಮುಗಿಯಬೇಕೆಂಬುದನ್ನು ತಾನೇ ನಿರ್ಧರಿಸುವ ಹುಬ್ಬು. ಹುಡುಗಿಯನ್ನು ನೋಡದೆ, ತಾಯಿಯನ್ನೂ ನೋಡದೆ, ಬೇವಿನ ಮರವನ್ನು ನೋಡುತ್ತ ಕೇಳಿದ: "ಯಾವ ಮಂದಿ ಇವರು?"

ನಮ್ಮ ಕಡೆ ಇದು ಕುಶಲ ಪ್ರಶ್ನೆ. ನೀರು ಕೊಡುವ ಮೊದಲು, ಹೆಣ್ಣು ನೋಡುವ ಮೊದಲು, ಬಸ್ಸಿನಲ್ಲಿ ಪಕ್ಕಕ್ಕೆ ಸರಿಯುವ ಮೊದಲು ಕೇಳುವ, ಮುಖಕ್ಕೆ ನಗು ಮೆತ್ತಿಕೊಂಡ ಪ್ರಶ್ನೆ. ಉತ್ತರ ಯಾವುದಾದರೂ ಸರಿ, ಸಿಕ್ಕ ಕೂಡಲೇ ಮನುಷ್ಯನನ್ನು ಎತ್ತಿ ಒಂದು ಗೂಡಿನಲ್ಲಿಟ್ಟು ನಿಶ್ಚಿಂತರಾಗುತ್ತೇವೆ. ಪೂನಮ್ ತಾಯಿಗಾಗಿ ಕಾಯಲಿಲ್ಲ. ನನ್ನ ಅವ್ವನಿಗಿಂತ ಅಚ್ಚುಕಟ್ಟಾದ ನಮ್ಮೂರ ಕನ್ನಡದಲ್ಲಿ ತಾನೇ ಉತ್ತರಿಸಿದಳು: "ನಾವು ಪಡದಾಗ ಇರೂ ಮಂದಿರಿ. ನನಗ ಕನ್ನಡ ಬರ್ತೈತ್ರಿ ಸರ. ಬರ್ಯಾಕಷ್ಟ ಬರಂಗಿಲ್ಲ."

ನಕಲು ಮಾಡುವವನಾಗಿ ಹೇಳುತ್ತೇನೆ, ಆ 'ಬರಂಗಿಲ್ಲ'ದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಚಪ್ಪಾಳೆಗಾಗಿ ಇನ್ನೊಬ್ಬರ ಮಾತು ಕಲಿಯುವವನು. ಈ ಹುಡುಗಿ ಅಂಗಡಿಯಲ್ಲಿ ಉಪ್ಪು ಕೇಳಲು, ನಲ್ಲಿಯ ಸರದಿಯಲ್ಲಿ ತನ್ನ ಕೊಡ ಉಳಿಸಿಕೊಳ್ಳಲು, ತಾಯಿ ತಂದೆಯರ ಜ್ವರವನ್ನು ಡಾಕ್ಟರಿಗೆ ವಿವರಿಸಲು ಕಲಿತಿದ್ದಳು. ಹೆಡ್ ಮಾಸ್ತರರ ಮುಖ ಅರಳಿತು, ಅಧ್ಯಕ್ಷನ ಹುಬ್ಬು ನೋಡಿ ಮತ್ತೆ ಮುಚ್ಚಿಕೊಂಡಿತು. "ನಾಳಿ ಬರ್ರಿ," ಅಂದರು.

ಅಂದು ಸಂಜೆ ಚಾದಂಗಡಿಯಲ್ಲಿ ನಾನು ಮಾಡಿದ ಕೆಲಸವನ್ನು ಬರೆಯಲು ಈ ಪೆನ್ನು ಒಲ್ಲೆನ್ನುತ್ತಿದೆ. ಒತ್ತಾಯ ಮಾಡಿ ಬರೆಸುತ್ತೇನೆ. ಸಿದ್ರಾಮಪ್ಪ ನನಗೊಂದು ಚಾ ಹೇಳಿ, "ಏ, ಆ ಹೆಣ್ಮಗಳ ದನಿ ತಗೀಯಪಾ," ಅಂದ. ತೆಗೆದೆ. ಮೊದಲು ಮೂಗಿನಿಂದ, ಆಮೇಲೆ ಗಂಟಲಿನಿಂದ, ಕೈಜೋಡಿಸಿ, ತಲೆ ಬಾಗಿಸಿ: "ಮಾಸ್ಟರ್ಜೀ, ನಾಮ್ ಲಿಖ್ ಲೀಜಿಏ." ಬಾಕಿನ ಮೇಲಿದ್ದವರು ತೊಡೆ ಬಡಿದುಕೊಂಡು ನಕ್ಕರು. ಒಂದು ಸಲ ಸಾಕಾಗಲಿಲ್ಲ, ಮತ್ತೊಮ್ಮೆ ಅಂದೆ. ಆಗ ರಸ್ತೆಯಲ್ಲಿ ನೀರಿನ ಕ್ಯಾನು ಹಿಡಿದು ಹೋಗುತ್ತಿದ್ದ ಪೂನಮ್ ಗಕ್ಕನೆ ನಿಂತಳು. ಕ್ಯಾನು ಕೆಳಗಿಟ್ಟು ಆ ಕಡೆ ಈ ಕಡೆ ನೋಡಿದಳು. ತಾಯಿಯನ್ನು ಹುಡುಕುತ್ತಿದ್ದಳು. ಇಲ್ಲೆಲ್ಲೋ ಇದ್ದಾಳೆ, ಯಾರ ಮುಂದೆಯೋ ಕೈಮುಗಿಯುತ್ತಿದ್ದಾಳೆ ಎಂದು ಅವಳ ಕಣ್ಣು ಅಂಗಡಿಯ ಒಳಗೆ ಬಂದು, ಒಬ್ಬೊಬ್ಬರನ್ನೇ ದಾಟಿ, ಇನ್ನೂ ಜೋಡಿಸಿಕೊಂಡೇ ಇದ್ದ ನನ್ನ ಕೈಗಳ ಮೇಲೆ ನಿಂತಿತು. ಕ್ಯಾನು ಎತ್ತಿಕೊಂಡು ನಡೆದಳು. ನನ್ನ ಜೀವಮಾನದ ಅತ್ಯಂತ ನಿಖರವಾದ ನಕಲು ಅದು. ಮಗಳೇ ಮೋಸಹೋಗುವಷ್ಟು ನಿಖರ. ಅದಕ್ಕಿಂತ ಹೇಸಿಗೆಯ ಕೆಲಸವನ್ನು ನಾನು ಇದುವರೆಗೆ ಮಾಡಿಲ್ಲ.

ಆ ಚಾ ನಾನು ಕುಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮನೆಗೆ ನಡೆಯುವಾಗ ಬೆಂಗಳೂರಿನ ಒಂದು ವೇದಿಕೆ ನೆನಪಾಯಿತು. ದನಿ ನಕಲು ಮಾಡುವ ಸ್ಪರ್ಧೆಯೊಂದಕ್ಕೆ ಹೋಗಿದ್ದೆ. ಹದಿನೈದು ದನಿ ಸಿದ್ಧಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು. ಹೆಸರೇನು ಎಂದು ಕೇಳಿದ ನಿರೂಪಕಿಗೆ ನಾನು ಸಹಜವಾಗಿ "ಹೇಳ್ತೇನ್ರಿ" ಅಂದದ್ದೇ ತಡ, ಸಭೆಯೆಲ್ಲ ಕಿಲಕಿಲ. ನಾನಿನ್ನೂ ನಕಲು ಆರಂಭಿಸಿಯೇ ಇರಲಿಲ್ಲ. ಆಕೆ ಮತ್ತೆ ಮತ್ತೆ "ಇನ್ನೊಂದ್ ಸಲ 'ಐತಿ' ಅನ್ನಿ, ಪ್ಲೀಸ್" ಅಂದಳು. ನಾನು ಅನ್ನುತ್ತ ಹೋದೆ, ಅವರು ನಗುತ್ತ ಹೋದರು. ನನ್ನ ಅವ್ವ ನನ್ನನ್ನು ಊಟಕ್ಕೆ ಕರೆಯುವ ಮಾತು ಅಲ್ಲಿ ಒಂದು ಹಾಸ್ಯದ ಸಾಮಾನಾಯಿತು. ಸಮಾಧಾನದ ಬಹುಮಾನ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ವಿಜಯಪುರದ ಟಿಕೆಟ್ಟನ್ನೂ ನಾನು ಬೆಂಗಳೂರಿನವರ ದನಿಯಲ್ಲೇ ಕೇಳಿದೆ. ಹಾಗಿದ್ದೂ, ಅದನ್ನೆಲ್ಲ ಉಂಡು ಬಂದವನೇ, ಅದನ್ನೇ ಎತ್ತಿ ಒಬ್ಬ ತಾಯಿಯ ಮೇಲೆ ಎರಚಿದೆನಲ್ಲ.

ಇಲ್ಲಿಂದ ನನ್ನ ಸಿಟ್ಟು ನನ್ನೊಬ್ಬನ ಮೇಲೆ ನಿಲ್ಲುವುದಿಲ್ಲ, ಗೆಳೆಯರೇ. ಈ ನಾಲ್ಕು ತಾಲೂಕುಗಳಲ್ಲಿ ಗೋವಾಕ್ಕೆ ಗಂಟು ಕಟ್ಟದ ಓಣಿ ಯಾವುದಿದೆ, ತೋರಿಸಿ. ಅಲ್ಲಿನ ಕಟ್ಟಡಗಳ ನೆತ್ತಿಯ ಮೇಲೆ ಬುಟ್ಟಿ ಹೊತ್ತವರು ನಮ್ಮ ಅತ್ತೆಯರು, ಸಾಂಗಲಿಯ ಕಡೆ ಕಬ್ಬು ಕಡಿದವರು ನಮ್ಮ ಮಾವಂದಿರು, ಅಲ್ಲಿನವರು ಮೂಗು ಮುರಿದು ಕರೆದ ಹೆಸರುಗಳು ನಮ್ಮ ಹಿರಿಯರಿಗೆ ಇವತ್ತಿಗೂ ನೆನಪಿವೆ. ಹಬ್ಬಕ್ಕೆ ಊರಿಗೆ ಬಂದಾಗ "ಅಲ್ಲಿ ನಮಗ ಮನಷ್ಯಾರಂಗ ನೋಡೂದಿಲ್ಲ" ಎಂದು ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕುತ್ತಾರೆ. ಅದೇ ಕಟ್ಟೆಯಿಂದ ಎದ್ದು, ಮೂಗು ಒರೆಸಿಕೊಂಡು, ಪಡದ ಮಂದಿಗೆ ನಲ್ಲಿಯಿಂದ ದೂರ ಸರಿಯಿರಿ ಅನ್ನುತ್ತಾರೆ. ಈ ಪಡದ ಬಳ್ಳಿಯಾದರೂ ಎಲ್ಲಿಯದು? ಬೇರು ಒಂದು ದೇಶದ್ದು, ಕಸಿ ಕಟ್ಟಿದ ಕಡ್ಡಿ ಇನ್ನೊಂದು ಸೀಮೆಯದು; ಅದರ ಮಾಲಕ ಆ ಪರದೇಶಿ ಬೇರಿನ ಗುಣಗಾನವನ್ನು ಬಂದವರಿಗೆಲ್ಲ ಅರ್ಧ ತಾಸು ಮಾಡುತ್ತಾನೆ. ಬಳ್ಳಿ ಹೊರಗಿನದಾದರೆ ಹೆಮ್ಮೆ, ಅದನ್ನು ಚಾಟ್ನಿ ಮಾಡುವ ಕೈ ಹೊರಗಿನದಾದರೆ ಅನುಮಾನ. ಆ ಕೈಯ ಮಗಳು ಅಕ್ಷರ ಕಲಿಯುತ್ತೇನೆ ಅಂದರೆ, ಊರು ಹಾಳಾಗುವ ಭಯ.

ಇನ್ನೂ ಹೆಚ್ಚು ಉರಿಯುವ ಸಂಗತಿ ಬೇರೆ. ಪೂನಮ್ ಬಂದರೆ ನಮ್ಮ ಶಾಲೆ ಕೆಡುತ್ತದೆ ಎಂದು ಚಾದಂಗಡಿಯಲ್ಲಿ ಅಂದವರಲ್ಲಿ ಒಬ್ಬರ ಮಗುವೂ ಆ ಶಾಲೆಯ ಬಾಕಿನ ಮೇಲೆ ಕೂಡುವುದಿಲ್ಲ. ತಾವು ಕಾಲಿಡದ ಮನೆಗೆ ಬಾಗಿಲು ಕಾಯುತ್ತಿದ್ದರು.

ಎರಡನೆಯ ದಿನವೂ ತಾಯಿ ಮಗಳು ಬಂದರು. "ಸಮಿತಿ ಸಭಾ ಆಗಬೇಕವ್ವಾ," ಅಂದರು ಹೆಡ್ ಮಾಸ್ತರರು, ನೆಲ ನೋಡುತ್ತ. ಮೂರು ದಿನ ಕೆಲಸ ಬಿಟ್ಟರೆ ಪಡದ ಮಾಲಕ ಸಹಿಸಬಹುದು, ನಾಲ್ಕನೆಯ ದಿನವೂ ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಕುಟುಂಬ ಬಂದು ಕೂಡುತ್ತದೆ. ಅದನ್ನು ಪೂನಮ್ ತಾಯಿಯ ಪರವಾಗಿ ಕನ್ನಡದಲ್ಲಿ ಹೇಳಿದಳು, ಬೇಡುವ ದನಿಯಲ್ಲಲ್ಲ, ಬಸ್ಸಿನ ವೇಳೆ ಹೇಳುವ ದನಿಯಲ್ಲಿ: "ನಾಳಿ ಆಗ್ಲಿಲ್ಲಂದ್ರ ಮತ್ತ ಬರಾಕ ಆಗಂಗಿಲ್ರಿ ಸರ. ನಾ ಮನ್ಯಾಗ ತಮ್ಮನ್ನ ನೋಡ್ಕೋತ ಇರ್ತೇನಿ." ಹೆಸರು ನಾಳೆ ಬೀಳಬೇಕು, ಇಲ್ಲವೆಂದರೆ ಎಂದೂ ಬೀಳುವುದಿಲ್ಲ. ಒಂದು ಹುಡುಗಿಯ ಬಾಳು ಅಷ್ಟು ಸಣ್ಣ ಕಿಂಡಿಯಲ್ಲಿ ಬಂದು ನಿಂತಿತ್ತು.

ಮೂರನೆಯ ದಿನ ಶಾಲೆಯ ಪಡಸಾಲೆಯಲ್ಲಿ ಸಭೆ. ನನ್ನನ್ನು ಕರೆಯದಿದ್ದರೂ ಹೋದೆ. ದೊಡ್ಡ ಮಾತು ಆಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ತಾಯಿ ಮಗಳು ಮೆಟ್ಟಿಲ ಕೆಳಗೆ ನಿಂತಿದ್ದರು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ಸಿದ್ರಾಮಪ್ಪ ಕುರ್ಚಿಯಲ್ಲಿ ಹಿಂದಕ್ಕೊರಗಿ ನ್ಯಾಯ ಬಿಚ್ಚಿದ: "ನೋಡ್ರಿ ಸರ, ನನಗ ಯಾರ ಮ್ಯಾಲೂ ದ್ವೇಷ ಇಲ್ಲ. ಆದ್ರ ಅನ್ನ, ತತ್ತಿ, ಬೂಟು ಇವೆಲ್ಲಾ ನಮ್ಮ ಊರ ಮಕ್ಕಳ ಪಾಲಿಗೆ ಬಂದಾವ. ಇಂದು ಬಂದು ನಾಳಿ ಹೋಗೂವ್ರಿಗೆ ಅದನ್ನ ಹಂಚಿದ್ರ ನಮ್ಮ ಮಕ್ಕಳು ಏನು ತಿನ್ನಬೇಕು? ಹಾಜರಿ ಪುಸ್ತಕದಾಗ ನಲವತ್ತು ಹೆಸರು ಅದಾವ. ಸಾಲಿ ತುಂಬೈತಿ."

ನಾನು ಅಂಗಳದ ಕಡೆ ನೋಡಿದೆ. ಬೇವಿನ ಮರದ ಕೆಳಗೆ ಹನ್ನೊಂದು ಮಕ್ಕಳಿದ್ದರು. ಹೆಡ್ ಮಾಸ್ತರರೂ ನೋಡಿದರು, ನೋಡಿ ಪುಸ್ತಕ ಮುಚ್ಚಿದರು. ಶಿಕ್ಷಕರ ಹುದ್ದೆ ಉಳಿಯಲೆಂದು ವ್ಯಾನಿನ ಮಕ್ಕಳ ಹೆಸರುಗಳನ್ನೂ ಇಲ್ಲಿ ಬರೆದಿಡುವ ಪದ್ಧತಿ ಊರಿಗೆಲ್ಲ ಗೊತ್ತು. ಗೊತ್ತಿದ್ದರೂ ಅದನ್ನು ಪಡಸಾಲೆಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ.

ಅಷ್ಟರಲ್ಲಿ ಅಧ್ಯಕ್ಷ ನನ್ನ ಕಡೆ ಕಣ್ಣು ಹೊಡೆದ. "ಇವರ ಮಕ್ಕಳು ಸಾಲಿಗೆ ಬಂದ್ರ ನಮ್ಮ ಹುಡುಗರು ನಾಳಿ ಹ್ಯಾಂಗ ಮಾತಾಡ್ತಾರ ಕೇಳ್ರಿ. ಏ ತಮ್ಮಾ, ತಗೀ ಆ ದನಿ." ಎಲ್ಲರೂ ನನ್ನತ್ತ ತಿರುಗಿದರು. ಮೆಟ್ಟಿಲ ಕೆಳಗಿಂದ ಪೂನಮ್ ಕೂಡ. ಬಾಯಿಪಾಠ ಮಾಡಿದ್ದ ಭಾಷಣ ಎಲ್ಲಿ ಹೋಯಿತೋ. "ಗಂಟಲ ಕಟ್ಟೈತ್ರಿ," ಅಂದೆ. ನನ್ನ ಶೌರ್ಯವೆಲ್ಲ ಸೇರಿ ಆ ಒಂದು ಸುಳ್ಳಿನಷ್ಟಾಯಿತು.

ಮಾತನಾಡಿದವಳು ಗಂಗವ್ವ. ಬಿಸಿಯೂಟದ ಅಡಿಗೆ ಮಾಡುವಾಕೆ. ಸಭೆಗೆ ಆಕೆಯನ್ನು ಕರೆದಿರಲಿಲ್ಲ, ಅಡಿಗೆ ಕೋಣೆ ಪಡಸಾಲೆಗೆ ಹತ್ತಿಕೊಂಡಿದೆ ಎಂಬುದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಸೌಟು ಹಿಡಿದುಕೊಂಡೇ ಹೊರಗೆ ಬಂದಳು, ಸೆರಗಿಗೆ ಕೈ ಒರೆಸಿಕೊಂಡಳು, ಅಧ್ಯಕ್ಷನ ಕುರ್ಚಿಯ ಮುಂದೆ ನಿಂತಳು. ಆಕೆ ಮಾತು ಮುಗಿಸಿದ ಮೇಲೆ ಸಿದ್ರಾಮಪ್ಪ ಬೈಕಿನ ಕೀಲಿಗಾಗಿ ಎರಡೂ ಕಿಸೆ ತಡಕಿದ. ಅದು ಅವನ ಕೈಯಲ್ಲೇ ಇತ್ತು. ಹೆಡ್ ಮಾಸ್ತರರು ಯಾರ ಹುಬ್ಬನ್ನೂ ನೋಡದೆ ಪುಸ್ತಕ ತೆರೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, ಪೂನಮ್ ಎಂದು ದುಂಡಗೆ ಬರೆದರು. ನನಗೆ ಊರಿನ ಎಲ್ಲರ ದನಿಯೂ ಬರುತ್ತದೆ, ಗಂಗವ್ವನದನ್ನು ಮಾತ್ರ ಇಂದಿಗೂ ತೆಗೆಯಲು ಹೋಗಿಲ್ಲ. ಆಕೆ ಅಂದದ್ದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ:

"ಅಧ್ಯಕ್ಷರ, ನಿಮ್ಮ ಮಗನ ಹೆಸರೂ ಆ ಪುಸ್ತಕದಾಗ ಐತಿ, ಅವನ ಪಾಲಿನ ಅಕ್ಕಿ ನಾ ದಿನಾ ಬೇಯಿಸ್ತೇನಿ, ಅವ ಒಂದಿನಾನೂ ಬಂದು ಉಂಡಿಲ್ಲ, ಆ ತಾಟಿಗೆ ಈ ಹುಡುಗಿ ಕುಂತ್ರ ನಿಮ್ಮ ಮನ್ಯಾಗ ಯಾರ ಹೊಟ್ಟಿ ಹಸೀತೈತಿ, ಹೇಳ್ರಿ."