ಮೇಲಿಂದ ಕಂಡ ತೋಟ

ನೆರೆ ಬಂದಾಗ ಉಪಗ್ರಹದ ಚಿತ್ರ ನೋಡಿ, ದೋಣಿ ಯಾವ ಕಡೆ ಮೊದಲು ಹೋಗಬೇಕೆಂದು ಹೇಳುವುದು ನನ್ನ ಕೆಲಸ. ಕೆಮ್ಮಣ್ಣು ಎಂಬ ಊರಿನ ಒಂದು ತೆಂಗಿನ ತೋಟ ಚಿತ್ರದಲ್ಲಿ ಹಸಿರಾಗಿಯೇ ಇತ್ತು, ನೀರು ಕಾಣಲಿಲ್ಲ. ಹಾಗಾಗಿ ಅಲ್ಲಿಗೆ ಕೊನೆಗೆ ಹೋದೆವು.

ತೋಟದೊಳಗಿನ ಮನೆಯಲ್ಲಿ ಸೊಂಟದವರೆಗೆ ನೀರು. ಮಂಚದ ಮೇಲೆ ನಿಂತಿದ್ದ ಖತೀಜಮ್ಮ ಕೇಳಿದರು, “ಆಕಾಶದಿಂದ ನಾವು ಕಾಣಲಿಲ್ವಾ?”

“ತೆಂಗಿನ ಗರಿ ಅಡ್ಡ ಬಂತು, ಅಮ್ಮಾ.”

“ಹಾಗಾದರೆ ತೆಂಗು ಮುಳುಗುವವರೆಗೆ ಕಾಯಬೇಕಿತ್ತಾ ನಾವು?”

ಅವರನ್ನು ದೋಣಿಗೆ ಹತ್ತಿಸಲು ಕೈ ಚಾಚಿದೆ. ಹಿತ್ತಿಲಲ್ಲಿ ಕಟ್ಟಿದ್ದ ಅವರ ಆಡುಗಳು ಆಗಲೇ ಸತ್ತಿದ್ದವು.

ದೋಣಿಯಲ್ಲಿ ಕೂತ ಮೇಲೆ ಆ ಚಿತ್ರ ತೋರಿಸಿ ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿ, “ನಮ್ಮ ತೋಟ ಚೆಂದ ಉಂಟು ಮಾರಾಯ್ರೇ” ಎಂದರು.

ಚಿತ್ರವೇನೋ ಚೆಂದವೇ ಬಂದಿತ್ತು. ಅಂಥ ಮಳೆಗಾಲದಲ್ಲೂ ಒಂದು ಮೋಡವೂ ಅಡ್ಡ ಬಂದಿರಲಿಲ್ಲ.